ಸಾಹುಕಾರ ಸತ್ತ ಮೇಲೆ: ಆಸ್ತಿ, ಸಾಲ ಮತ್ತು ಅನ್ನವಸ್ತ್ರ

ದ್ವಾರಕಾನಾಥ ಟ್ಯಾಗೋರ್ 1846ರ ಆಗಸ್ಟ್ 1ರಂದು ಲಂಡನ್ನಿನಲ್ಲಿ ತೀರಿಕೊಂಡರು. ಕಲ್ಲಿದ್ದಲ ಗಣಿ, ನೀಲಿ, ರೇಷ್ಮೆ, ಉಗಿದೋಣಿ, ಬ್ಯಾಂಕು ಎಲ್ಲದರಲ್ಲೂ ಅವರ ಕೈಯಿತ್ತು. 1834ರಲ್ಲಿ ವಿಲಿಯಂ ಕಾರ್ ಜೊತೆ ಅವರು ಕಟ್ಟಿದ ‘ಕಾರ್, ಟ್ಯಾಗೋರ್ ಅಂಡ್ ಕಂಪನಿ’ ಭಾರತೀಯನೊಬ್ಬ ಇಂಗ್ಲಿಷರ ಸರಿಸಮಕ್ಕೆ ಪಾಲುದಾರನಾಗಿ ನಿಂತ ಮೊದಮೊದಲ ಸಂಸ್ಥೆಗಳಲ್ಲಿ ಒಂದು. ಸಾಯುವ ಮೊದಲು ಈ ವ್ಯಾಪಾರಿ ಎರಡು ಕಾಗದ ಮಾಡಿಟ್ಟಿದ್ದರು. 1840ರ ಒಂದು ನ್ಯಾಸಪತ್ರದಲ್ಲಿ ಕೆಲವು ಜಮೀನ್ದಾರಿಗಳನ್ನು ವ್ಯಾಪಾರದಿಂದ ಬೇರ್ಪಡಿಸಿ, ಸಾಲ ಕೊಟ್ಟವರ ಕೈಗೆ ಸಿಗದಂತೆ ಮಕ್ಕಳ ಹೆಸರಿಗೆ ಕಟ್ಟಿಟ್ಟರು. ಆಮೇಲೆ 1843ರಲ್ಲಿ ಮರಣಶಾಸನ ಬರೆದರು. ಕಲಕತ್ತೆಯ ಜೋಡಾಸಾಂಕೋದ ಹಳೆಯ ಮನೆ ಹಿರಿಯ ಮಗ ದೇವೇಂದ್ರನಾಥರಿಗೆ, ಬೈಠಕ್‌ಖಾನೆಯ ಕಟ್ಟಡ ಎರಡನೆಯ ಮಗ ಗಿರೀಂದ್ರನಾಥರಿಗೆ, ಪಕ್ಕದ ನಿವೇಶನದ ಜೊತೆಗೆ ಮನೆ ಕಟ್ಟಿಕೊಳ್ಳಲು 20,000 ರೂಪಾಯಿ ಕಿರಿಯ ನಗೇಂದ್ರನಾಥರಿಗೆ.

ಹದಿನೆಂಟು ತಿಂಗಳು ಕಳೆಯುವುದರೊಳಗೆ, 1848ರ ಜನವರಿಯಲ್ಲಿ, ದ್ವಾರಕಾನಾಥರ ಕೈಯಿದ್ದ ಯೂನಿಯನ್ ಬ್ಯಾಂಕು ಬಾಗಿಲು ಹಾಕಿತು; ಕಾರ್, ಟ್ಯಾಗೋರ್ ಕಂಪನಿಯೂ ಮುಳುಗಿತು. ದೇವೇಂದ್ರನಾಥರ ಆತ್ಮಚರಿತ್ರೆ ಕೊಡುವ ಲೆಕ್ಕದಂತೆ ಸಂಸ್ಥೆಯ ಸಾಲ ಒಂದು ಕೋಟಿ, ಬರಬೇಕಾದದ್ದು 70 ಲಕ್ಷ, ಕೊರತೆ 30 ಲಕ್ಷ. ನ್ಯಾಸದ ಜಮೀನು ಕಾನೂನಿನ ಪ್ರಕಾರ ಸಾಲ ಕೊಟ್ಟವರಿಗೆ ಸೇರುವಂಥದ್ದಲ್ಲ. ಆದರೂ ಅಣ್ಣತಮ್ಮಂದಿರು ಅದನ್ನೂ ಸಾಲ ಕೊಟ್ಟವರ ಸಭೆಯ ಮುಂದಿಟ್ಟರೆಂದು ದೇವೇಂದ್ರನಾಥರು ಬರೆಯುತ್ತಾರೆ. ವ್ಯಾಪಾರ ಹೋಯಿತು, ಸಾಲ ವರ್ಷಗಟ್ಟಲೆ ತೀರಿತು, ಜಮೀನು ಮಾತ್ರ ಮನೆಯಲ್ಲೇ ಉಳಿಯಿತು. ಸುಮಾರು 1890ರಲ್ಲಿ ಶಿಲಾಯಿದಹಕ್ಕೆ ಹೋಗಿ ಜಮೀನಿನ ಉಸ್ತುವಾರಿ ನೋಡಿಕೊಂಡ ಮೊಮ್ಮಗ ರವೀಂದ್ರನಾಥರು ಉಂಡದ್ದು 1840ರ ಆ ಪತ್ರದ ಅನ್ನವನ್ನೇ.

ದ್ವಾರಕಾನಾಥರ ಹೆಂಡತಿ ದಿಗಂಬರಿ ದೇವಿ ಈ ಎರಡೂ ಕಾಗದ ಆಗುವ ಮೊದಲೇ, 1839ರಲ್ಲಿ, ತೀರಿಕೊಂಡಿದ್ದರು. ಗಂಡ ಇಂಗ್ಲಿಷರೊಡನೆ ಕೂತು ಉಣ್ಣುತ್ತಾರೆಂದು ಅವರು ಅದಕ್ಕೂ ಮುಂಚೆ ಸಂಸಾರದಿಂದ ದೂರ ಸರಿದಿದ್ದರು. ಇನ್ನೂ ಹತ್ತು ವರ್ಷ ಬದುಕಿದ್ದರೆ ಅವರಿಗೆ ಏನು ಸಿಗುತ್ತಿತ್ತು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಚರಿತ್ರಕಾರರ ಕಡೆಗೆ ಹೋಗಬೇಕೆಂದು ನನಗನ್ನಿಸುತ್ತದೆ. ವಸಾಹತು ಕಾಲದ ವ್ಯಾಪಾರಿಯ ಉತ್ತರಾಧಿಕಾರದ ಬಗ್ಗೆ ನಡೆದಿರುವ ಚರ್ಚೆಯೆಲ್ಲ ಬಹುಮಟ್ಟಿಗೆ ಬಂಡವಾಳ ಉಳಿಯಿತೋ ಒಡೆಯಿತೋ ಎಂಬುದರ ಸುತ್ತಲೇ ತಿರುಗಿದೆ. ಆ ಬಂಡವಾಳವನ್ನು ಉಳಿಸಲು ಯಾರ ತಟ್ಟೆಯಿಂದ ಎಷ್ಟು ತೆಗೆಯಲಾಯಿತು ಎಂಬ ಮಾತು ತೀರ ತಡವಾಗಿ ಬಂತು.

ಕಲ್ಯಾಣದ ಗ್ರಂಥ, ಕಲಕತ್ತೆಯ ಕೋರ್ಟು

ವಾರನ್ ಹೇಸ್ಟಿಂಗ್ಸ್ 1772ರಲ್ಲಿ ಹಾಕಿದ ಯೋಜನೆಯಂತೆ ಉತ್ತರಾಧಿಕಾರ, ಮದುವೆ, ಜಾತಿಯ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನು ಪ್ರಮಾಣವಾದವು. ಯಾವ ಶಾಸ್ತ್ರ ಎಂಬ ಪ್ರಶ್ನೆ ಎದ್ದಾಗ ಹೆನ್ರಿ ಕೋಲ್‌ಬ್ರೂಕ್ 1810ರಲ್ಲಿ ಎರಡು ಗ್ರಂಥಗಳ ಉತ್ತರಾಧಿಕಾರದ ಭಾಗಗಳನ್ನು ಇಂಗ್ಲಿಷಿಗೆ ತಂದು ಒಂದೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಒಂದು ಬಂಗಾಳದ ಜೀಮೂತವಾಹನನ ‘ದಾಯಭಾಗ’. ಇನ್ನೊಂದು ನಮ್ಮದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಹುಟ್ಟಿದ ಒಂದು ವ್ಯಾಖ್ಯಾನ ಏಳು ಶತಮಾನದ ಬಳಿಕ ಮುಂಬಯಿ, ಕಾನ್ಪುರ, ಮದರಾಸುಗಳ ಸಾಹುಕಾರರ ತಿಜೋರಿಯನ್ನು ಆಳಿತು.

ಎರಡರ ನಡುವಿನ ಅಂತರ ವ್ಯಾಪಾರಿಯ ಮನೆಯಲ್ಲಿ ದಿನನಿತ್ಯ ಕಾಣುವಂಥದ್ದು. ಮಿತಾಕ್ಷರಾದಲ್ಲಿ ಮಗನಿಗೆ ಪಿತ್ರಾರ್ಜಿತದ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ತಂದೆ ಕರ್ತನಾಗಿ ವ್ಯವಹಾರ ನಡೆಸಬಹುದೇ ಹೊರತು ಒಡೆಯನಾಗಲಾರ. ಒಬ್ಬ ಸತ್ತರೆ ಅವನ ಪಾಲು ಉಳಿದ ಗಂಡಸರಲ್ಲೇ ಕರಗುತ್ತದೆ. ದಾಯಭಾಗದಲ್ಲಿ ತಂದೆ ಬದುಕಿರುವತನಕ ಅವನೇ ಒಡೆಯ; ಗಂಡು ಸಂತಾನವಿಲ್ಲದ ವಿಧವೆಗೆ, ಮನೆ ಒಡೆದಿರದಿದ್ದರೂ, ಗಂಡನ ಪಾಲು ಆಕೆಯ ಜೀವಮಾನಕ್ಕೆ ಬರುತ್ತದೆ. ದ್ವಾರಕಾನಾಥರು ಅಷ್ಟು ಸಲೀಸಾಗಿ ಪತ್ರ ಬರೆಯಲಾದದ್ದು ಬಂಗಾಳದ ತಂದೆಯಾಗಿದ್ದರಿಂದ.

ಮರಣಶಾಸನ ಎಂಬುದು ಶಾಸ್ತ್ರಗ್ರಂಥಗಳಿಗೆ ಗೊತ್ತಿಲ್ಲದ ವಸ್ತು. ಮೊದಲು ಕಲಕತ್ತೆಯ ಕೋರ್ಟುಗಳು ಅದನ್ನು ಒಪ್ಪಿದವು, ಆಮೇಲೆ ಮದರಾಸು, ಮುಂಬಯಿ. ಹಿಂದೂ ಮರಣಶಾಸನಗಳ ಕಾಯಿದೆ ಬಂದದ್ದು 1870ರಲ್ಲಿ. ಎರಡೇ ವರ್ಷಕ್ಕೆ ಲಂಡನ್ನಿನ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್, ಟ್ಯಾಗೋರ್ ವಂಶದ ಇನ್ನೊಂದು ಕವಲಿನ ಪ್ರಸನ್ನಕುಮಾರ ಟ್ಯಾಗೋರರ ಮರಣಶಾಸನದ ವ್ಯಾಜ್ಯ ತೀರ್ಮಾನಿಸಿತು. ಕ್ರೈಸ್ತನಾದ ಒಬ್ಬನೇ ಮಗ ಜ್ಞಾನೇಂದ್ರಮೋಹನನನ್ನು ದೂರವಿಟ್ಟು ಅವರು ಆಸ್ತಿಯನ್ನು ತಲೆಮಾರುಗಳ ತನಕ ಕಟ್ಟಿಹಾಕಲು ಹೊರಟಿದ್ದರು. ಇನ್ನೂ ಹುಟ್ಟದವನಿಗೆ ಕೊಡಲಾಗದು, ಕಾನೂನು ಅರಿಯದ ಹೊಸ ಬಗೆಯ ಒಡೆತನವನ್ನು ಯಾರೂ ತಮ್ಮ ಇಚ್ಛೆಯಿಂದ ಸೃಷ್ಟಿಸಲಾಗದು ಎಂಬುದು ತೀರ್ಪು. ಹುಟ್ಟಲಿರುವವರಿಗೆ ಕೊಡುವ ದಾರಿ ಮತ್ತೆ ತೆರೆಯಲು 1916ರ ಕಾಯಿದೆ ಬರಬೇಕಾಯಿತು.

ಪಾರ್ಸಿಗಳ ಭಯ ಬೇರೆ ಬಗೆಯದು. ಹಿರಿಯ ಮಗನಿಗೇ ಎಲ್ಲ ಜಮೀನು ಎನ್ನುವ ಇಂಗ್ಲಿಷ್ ನಿಯಮ ಮುಂಬಯಿ ನಗರದಲ್ಲಿ ತಮ್ಮ ಮೇಲೂ ಬಿದ್ದೀತೆಂದು ಅವರು ಅಹವಾಲು ಸಲ್ಲಿಸಿ 1837ರ ಕಾಯಿದೆ ಪಡೆದರು. 1865ರಲ್ಲಿ ತಮ್ಮದೇ ಉತ್ತರಾಧಿಕಾರ ಕಾಯಿದೆ ಮಾಡಿಸಿಕೊಂಡರು. ಅದರಲ್ಲಿ ಮಗನಿಗೆ ಸಿಗುವುದರ ಅರ್ಧ ವಿಧವೆಗೆ, ವಿಧವೆಗೆ ಸಿಗುವುದರ ಅರ್ಧ ಮಗಳಿಗೆ. ಅಂದರೆ ಮಗಳು ಅಣ್ಣನ ಕಾಲು ಭಾಗ. ಈ ಕಾಲು ಭಾಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮೈಸೂರಿನಲ್ಲಿ ಅದು ಮತ್ತೆ ಎದುರಾಗುತ್ತದೆ.

ಒಡೆಯದ ಮನೆ, ಒಡೆಯದ ಬಂಡವಾಳ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞರಿಗೆ ಅವಿಭಕ್ತ ಕುಟುಂಬ ಎಂದರೆ ಹಿಂದುಳಿದ ಕಾಲದ ಗುರುತು. 1861ರಲ್ಲಿ ಹೆನ್ರಿ ಮೇನ್ ಹೇಳಿದ ಕತೆಯಲ್ಲಿ ಮನುಷ್ಯ ಹುಟ್ಟಿನ ಸ್ಥಾನಮಾನದಿಂದ ಬಿಡುಗಡೆಗೊಂಡು ಒಪ್ಪಂದದ ಕಡೆಗೆ ಸಾಗಬೇಕು. ಎಲ್ಲರ ಗಳಿಕೆ ಒಂದೇ ಹಂಡೆಗೆ ಬೀಳುವ ಮನೆಯಲ್ಲಿ ದುಡಿಯುವವನಿಗೆ ಉತ್ಸಾಹ ಎಲ್ಲಿಂದ ಬರಬೇಕು ಎಂಬ ಅನುಮಾನ ಈ ಚಿಂತನೆಯ ಜೊತೆಜೊತೆಗೇ ಬೆಳೆಯಿತು. ಇದರಿಂದ ಒಂದು ವಿಷಯ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ: ಶಾಲೆ ಕಲಿತು ದುಡಿದ ಮಗನಿಗೂ ಮನೆಗೂ ನಡೆದ ಜಗಳ. ಓದಿಸಿದ ಹಣ ಮನೆಯದಾದರೆ ಸಂಬಳವೂ ಮನೆಯದೇ ಎಂದು ಪ್ರಿವಿ ಕೌನ್ಸಿಲ್ 1921ರಲ್ಲಿ ಹೇಳಿದ ಮೇಲೆ, ವಿದ್ಯೆಯ ಗಳಿಕೆ ಗಳಿಸಿದವನದೇ ಎಂದು 1930ರ ಕಾಯಿದೆ ತಿದ್ದಬೇಕಾಯಿತು. ಇಷ್ಟು ಬಿಟ್ಟರೆ ಬಜಾರಿನಲ್ಲಿ ಕಣ್ಣಾರೆ ಕಾಣುತ್ತಿದ್ದ ಶ್ರೀಮಂತಿಕೆಗೆ ಮೇನ್ ಹಾದಿಯವರ ಬಳಿ ಉತ್ತರವಿರಲಿಲ್ಲ.

ಅದನ್ನು ಎತ್ತಿಕೊಂಡವರು 1970ರ ನಂತರದ ಚರಿತ್ರಕಾರರು. ಮಾರವಾಡಿಗಳ ಬಗ್ಗೆ 1978ರಲ್ಲಿ ಬರೆದ ಥಾಮಸ್ ಟಿಂಬರ್ಗ್, ತಾರಾಚಂದ್ ಘನಶ್ಯಾಮದಾಸ್ ಎಂಬ ದೊಡ್ಡ ಪೇಢಿಯನ್ನು ಮಾದರಿಯಾಗಿಟ್ಟುಕೊಂಡು, ಊರೂರಿಗೆ ಕೊಂಬೆ ಚಾಚಿದ ಕುಟುಂಬವೇ ಹುಂಡಿ ಎಂಬ ಹಣಪತ್ರಕ್ಕೂ ಗುಮಾಸ್ತನಿಗೂ ಜಾಮೀನಾಗಿ ನಿಂತದ್ದನ್ನು ತೋರಿಸಿದರು. ಕ್ರಿಸ್ಟೋಫರ್ ಬೈಲಿಯವರು 1983ರ ತಮ್ಮ ಕೃತಿಯಲ್ಲಿ ಬನಾರಸ್, ಅಲಹಾಬಾದುಗಳ ವ್ಯಾಪಾರಿ ಮನೆಗಳನ್ನು ನೋಡಿ ಹೇಳಿದ್ದು ಇನ್ನೂ ಸೂಕ್ಷ್ಮ: ಪತ, ಅಂದರೆ ಸಾಲ ಕೊಡುವವರ ನಂಬಿಕೆ, ತಿಜೋರಿಯಲ್ಲಿ ಇರುವುದಲ್ಲ, ಮನೆಯ ನಡತೆಯಲ್ಲಿರುತ್ತದೆ. ಮಿತವ್ಯಯ, ದೇವಪೂಜೆ, ಒಳ್ಳೆಯ ಸಂಬಂಧ, ಕೊಟ್ಟ ಮಾತು. ಮನೆ ಒಡೆದ ಸುದ್ದಿ ಪೇಟೆಗೆ ಬಿದ್ದರೆ ಹುಂಡಿ ವಾಪಸ್ಸು ಬರುತ್ತದೆ. ಹಾಗಾಗಿ ಅಣ್ಣತಮ್ಮಂದಿರು ಒಳಗೆ ಮಾತು ಬಿಟ್ಟಿದ್ದರೂ ವಹಿಯನ್ನು ಒಂದೇ ಇಡುತ್ತಿದ್ದರು.

ಡೇವಿಡ್ ರಡ್ನರ್ 1994ರಲ್ಲಿ ನಾಟುಕೋಟೆ ಚೆಟ್ಟಿಯಾರರನ್ನು ವಿವರಿಸಿದಾಗ ‘ಅವಿಭಕ್ತ’ ಎಂಬ ಪದವೇ ಎಷ್ಟು ಸಡಿಲ ಎಂದು ಗೊತ್ತಾಯಿತು. ಚೆಟ್ಟಿನಾಡಿನ ಆ ಅರಮನೆಯಂಥ ಮನೆಗಳಲ್ಲಿ ಮದುವೆಯಾದ ಪ್ರತಿ ಮಗನಿಗೂ ಬೇರೆ ಒಲೆ, ಬೇರೆ ಕೋಣೆ, ಬೇರೆ ಲೆಕ್ಕ. ಒಂದೇ ಸೂರಿನಡಿ ಹಲವು ಸಂಸಾರಗಳಿದ್ದು, ಬರ್ಮಾ, ಸಿಲೋನ್, ಮಲಯದ ಲೇವಾದೇವಿಗೆ ಮಾತ್ರ ಒಟ್ಟಾಗುತ್ತಿದ್ದವು. ಹೆಣ್ಣುಮಕ್ಕಳು ತವರಿನಿಂದ ತಂದ ಹಣವನ್ನು ಪೇಢಿಯಲ್ಲೇ ಠೇವಣಿ ಇಡಿಸಿಕೊಂಡು ಅವರಿಗೆ ಬಡ್ಡಿ ಕಟ್ಟುತ್ತಿದ್ದರು. ಆಚ್ಚಿಯರ, ಅಂದರೆ ಚೆಟ್ಟಿಯಾರ್ ಹೆಂಗಸರ, ಆ ಹಣ ಪೇಢಿಗಳ ಬಂಡವಾಳದ ಒಂದು ಮೂಲವೇ ಆಗಿತ್ತು. ಈ ಪುಟ್ಟ ಸಂಗತಿಯ ಕಡೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಈ ಪಂಥ ನನಗೆ ಇಷ್ಟವಾಗುವುದು ಅದು ಬಜಾರನ್ನು ಬಜಾರಿನ ಕಣ್ಣಿನಿಂದ ನೋಡಿದ್ದಕ್ಕೆ. ಆದರೆ ಅದರ ಪುಟಗಳಲ್ಲಿ ‘ಕುಟುಂಬ’ ಎಂದಾಗಲೆಲ್ಲ ಗಂಡಸರೇ ಎದ್ದು ನಿಲ್ಲುತ್ತಾರೆ.

ಹಂಚಿಕೆಯೇ ಹಿನ್ನಡೆಯಾಯಿತೆ?

ಅರ್ಥಶಾಸ್ತ್ರಜ್ಞ ತಿಮೂರ್ ಕುರಾನ್ ಇದೇ ಪ್ರಶ್ನೆಯನ್ನು ಮಗುಚಿ ಕೇಳಿದರು. ಕುಟುಂಬದ ಕೂಡುಬಂಡವಾಳ ಅಷ್ಟು ಉಪಯುಕ್ತವಾಗಿದ್ದರೆ ಅದು ಇಲ್ಲದವರ ಗತಿಯೇನು? ಇಸ್ಲಾಮೀ ನಿಯಮದಲ್ಲಿ ಮರಣಶಾಸನದಿಂದ ಬಿಟ್ಟುಕೊಡಬಹುದಾದದ್ದು ಆಸ್ತಿಯ ಮೂರನೆಯ ಒಂದು ಭಾಗ ಮಾತ್ರ. ಉಳಿದದ್ದು ಹೆಂಡತಿ, ತಾಯಿ, ತಂದೆ, ಗಂಡುಮಕ್ಕಳು ಮತ್ತು ಗಂಡಿನ ಅರ್ಧದಂತೆ ಹೆಣ್ಣುಮಕ್ಕಳಿಗೆ ಹಂಚಿಹೋಗುತ್ತದೆ. ಪಾಲುದಾರನೊಬ್ಬ ಸತ್ತರೆ ಪಾಲುಗಾರಿಕೆಯೂ ಮುಗಿಯಿತು. ಹೆಚ್ಚು ವಾರಸುದಾರರಿದ್ದಷ್ಟೂ ಲೆಕ್ಕ ಜಟಿಲವಾಗುವುದರಿಂದ ವ್ಯಾಪಾರಿಗಳು ಸಣ್ಣ, ಅಲ್ಪಾಯುಷಿ ಪಾಲುಗಾರಿಕೆಗಳಲ್ಲೇ ಉಳಿದರು. ವಕ್ಫ್ ಮಾಡಿಟ್ಟ ಆಸ್ತಿ ಒಡೆಯಲಿಲ್ಲ ನಿಜ, ಆದರೆ ಅದು ಅಲ್ಲೇ ಹೆಪ್ಪುಗಟ್ಟಿತು. 2011ರ ತಮ್ಮ ಕೃತಿಯಲ್ಲಿ ಪಶ್ಚಿಮ ಏಷ್ಯಾದ ಬಗ್ಗೆ ಮಂಡಿಸಿದ ಈ ವಾದವನ್ನು ಕುರಾನ್, ಅನಂತದೀಪ್ ಸಿಂಗ್ ಜೊತೆಗೂಡಿ ಬ್ರಿಟಿಷ್ ಭಾರತಕ್ಕೂ ಅನ್ವಯಿಸಿದರು. ಆಧುನಿಕ ಉದ್ಯಮದಲ್ಲಿ ಹಿಂದೂಗಳು ಮುಂದೆ, ಮುಸ್ಲಿಮರು ಹಿಂದೆ ಬಿದ್ದದ್ದಕ್ಕೆ ಉತ್ತರಾಧಿಕಾರದ ನಿಯಮವೂ ಒಂದು ಕಾರಣವೆಂದರು.

ಈ ವಾದದ ಬಲ ಅದರ ಸ್ಪಷ್ಟತೆಯಲ್ಲಿದೆ. ದುರ್ಬಲ ಜಾಗ ಯಾವುದೆಂದರೆ, ಭಾರತದ ಅತಿ ದೊಡ್ಡ ಮುಸ್ಲಿಂ ವ್ಯಾಪಾರಿ ಸಮುದಾಯಗಳಲ್ಲಿ ಕೆಲವು ಆ ನಿಯಮವನ್ನೇ ಪಾಲಿಸುತ್ತಿರಲಿಲ್ಲ. 1847ರಲ್ಲಿ ಮುಂಬಯಿ ಸುಪ್ರೀಂ ಕೋರ್ಟಿನಲ್ಲಿ ಖೋಜಾ ಮತ್ತು ಕಚ್ಛಿ ಮೇಮನ್ ಹೆಣ್ಣುಮಕ್ಕಳು ತಂದೆಯ ಆಸ್ತಿಯಲ್ಲಿ ಕುರಾನು ಕೊಟ್ಟ ಪಾಲು ಕೇಳಿದರು. ನ್ಯಾಯಾಧೀಶ ಅರ್ಸ್ಕಿನ್ ಪೆರಿ ಸಮುದಾಯದ ರೂಢಿಯ ಸಾಕ್ಷ್ಯ ಕೇಳಿ, ಇವರಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ, ಮದುವೆಯ ತನಕ ಪೋಷಣೆ ಮತ್ತು ಮದುವೆಯ ಖರ್ಚು ಮಾತ್ರ ಎಂದು ತೀರ್ಪಿತ್ತರು. ಧರ್ಮಗ್ರಂಥ ಕೊಟ್ಟದ್ದನ್ನು ರೂಢಿ ಕಿತ್ತುಕೊಂಡಿತ್ತು, ಕೋರ್ಟು ಅದಕ್ಕೆ ಮೊಹರು ಹಾಕಿತು. ಮೇಮನ್ನರು ಕೊಚ್ಚಿ, ಮದರಾಸು, ಬೆಂಗಳೂರು ದಂಡುಪ್ರದೇಶಗಳಿಗೂ ಹಬ್ಬಿದ ಜನ. ಶಿವಾಜಿನಗರದ ಗೋಷಾ ಆಸ್ಪತ್ರೆಗೆ ಹೆಸರಾದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಆ ಸಮುದಾಯದವರೇ. ಕುರಾನಿನ ಪಾಲು ಇವರಿಗೆ ಕಾನೂನಾಗಿ ಮರಳಿದ್ದು ಬಹಳ ತಡವಾಗಿ: ಬಯಸಿದವರಿಗೆ 1920ರಲ್ಲಿ, ಎಲ್ಲ ಕಚ್ಛಿ ಮೇಮನ್ನರಿಗೆ 1938ರಲ್ಲಿ.

ಇನ್ನೊಂದು ಕಡೆ, ಮನೆಯವರಿಗೆಂದೇ ಮಾಡಿಟ್ಟ ವಕ್ಫನ್ನು ಪ್ರಿವಿ ಕೌನ್ಸಿಲ್ 1894ರಲ್ಲಿ ಅಸಿಂಧುವೆಂದಿತು. ಬಡವರಿಗೆ ತಲುಪುವ ಭಾಗ ತೀರ ನೆಪಮಾತ್ರದ್ದು ಎಂಬುದು ಕಾರಣ. ಅದನ್ನು ಸರಿಪಡಿಸಲು ಜಿನ್ನಾ ಮಂಡಿಸಿದ ಮಸೂದೆ 1913ರಲ್ಲಿ ಕಾಯಿದೆಯಾಯಿತು. ಮಕ್ಕಳಿಗೆ ಅನ್ನದ ದಾರಿ ಮಾಡುವುದೇ ದೊಡ್ಡ ದಾನ ಎಂಬ ಮುಸ್ಲಿಂ ವ್ಯಾಪಾರಿ ಮತ್ತು ಜಮೀನ್ದಾರರ ನಂಬಿಕೆಗೂ, ದಾನವೆಂದರೆ ಹೊರಗಿನವರಿಗೆ ಎನ್ನುವ ಲಂಡನ್ನಿನ ತಿಳಿವಳಿಕೆಗೂ ನಡೆದ ಈ ತಿಕ್ಕಾಟ ಮುಂದಿನ ಪಂಥಕ್ಕೆ ಬಾಗಿಲು ತೆರೆಯುತ್ತದೆ.

ಕಾನೂನು ಕಟ್ಟಿದ ಮನೆ

ರಿತು ಬಿರ್ಲಾ 2009ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದಿಷ್ಟು: ಬ್ರಿಟಿಷ್ ಕಾನೂನು ಬರುವ ಮೊದಲು ಮನೆಯನ್ನೂ ಮಾರುಕಟ್ಟೆಯನ್ನೂ ಬೇರೆಬೇರೆಯಾಗಿ ಯಾರೂ ನೋಡಿರಲಿಲ್ಲ. ಕಂಪನಿ ಕಾನೂನು, ತೆರಿಗೆ, ದತ್ತಿ ಕಾನೂನುಗಳು ಒಂದೊಂದಾಗಿ ಬಂದು, ಒಪ್ಪಂದದ ಲೋಕ ಈ ಕಡೆ, ‘ಸಂಸ್ಕೃತಿ’ಯ ಲೋಕ ಆ ಕಡೆ ಎಂದು ಗೆರೆ ಎಳೆದವು. ಕುಟುಂಬದ ಪೇಢಿ ಆ ಕಡೆಗೆ ಬಿತ್ತು. 1886ರ ಆದಾಯ ತೆರಿಗೆ ಕಾಯಿದೆ ಹಿಂದೂ ಅವಿಭಕ್ತ ಕುಟುಂಬವನ್ನೇ ಒಬ್ಬ ‘ವ್ಯಕ್ತಿ’ಯೆಂದು ಎಣಿಸಿತು. ಅಂದಿನಿಂದ ಇಂದಿನವರೆಗೆ ನಮ್ಮ ತೆರಿಗೆ ಅರ್ಜಿಗಳಲ್ಲಿ ಕರ್ತ ಎಂಬ ಪದ ಬದುಕಿದೆ. ಎಲೀನರ್ ನ್ಯೂಬಿಗಿನ್ 2013ರಲ್ಲಿ ಇದನ್ನು ಮುಂದುವರಿಸಿ, 1920, 30ರ ದಶಕದ ಹಿಂದೂ ಕಾನೂನು ಸುಧಾರಣೆಯ ಹಿಂದೆ ತೆರಿಗೆಯ ಲೆಕ್ಕಾಚಾರವೂ ಇತ್ತು ಎಂದು ತೋರಿಸಿದರು.

ಈ ಕಣ್ಣಿನಿಂದ ನೋಡಿದರೆ ದಾನಧರ್ಮವೂ ಕುಟುಂಬ ವ್ಯವಸ್ಥೆಯ ಭಾಗವಾಗಿ ಕಾಣುತ್ತದೆ. ಮುಂಬಯಿಯ ಸರ್ ಜಮ್‌ಶೇಟ್‌ಜಿ ಜೀಜೀಭಾಯಿಗೆ 1857ರಲ್ಲಿ ಬ್ಯಾರೊನೆಟ್ ಎಂಬ ವಂಶಪಾರಂಪರ್ಯದ ಪದವಿ ಬಂದಾಗ, ಅದಕ್ಕೆ ತಕ್ಕ ಆಸ್ತಿ ಹಿರಿಯ ಮಗನಿಂದ ಹಿರಿಯ ಮಗನಿಗೇ ಹೋಗುವಂತೆ 1860ರಲ್ಲಿ ವಿಶೇಷ ಕಾಯಿದೆ ಆಯಿತು. ಪದವಿಗೆ ಬಂದವರೆಲ್ಲ ಅದೇ ಹೆಸರು ಇಟ್ಟುಕೊಳ್ಳಬೇಕೆಂಬ ಕರಾರೂ ಅದರಲ್ಲಿತ್ತು. 1837ರಲ್ಲಿ ಸಮುದಾಯ ಯಾವ ನಿಯಮವನ್ನು ಹೆದರಿ ದೂರವಿಟ್ಟಿತೋ ಅದೇ ನಿಯಮ ಒಂದು ಮನೆಗೆ ಗೌರವವಾಗಿ ಬಂತು. ಜಮ್‌ಶೇಟ್‌ಜಿ ಟಾಟಾ 1898ರಲ್ಲಿ ವಿಜ್ಞಾನ ವಿದ್ಯಾಪೀಠಕ್ಕೆಂದು 30 ಲಕ್ಷ ರೂಪಾಯಿ ಮೌಲ್ಯದ ಆಸ್ತಿ ಕೊಡಲು ಮುಂದಾದಾಗ, ಮೊದಲ ಯೋಚನೆಯಲ್ಲಿ ಅದು ಕುಟುಂಬದ ಆಸ್ತಿ ವ್ಯವಸ್ಥೆಯ ಜೊತೆ ಹೆಣೆದುಕೊಂಡಿತ್ತು. ಸರ್ಕಾರ ಅದಕ್ಕೆ ಒಲಿಯಲಿಲ್ಲ. ಟಾಟಾ ಎರಡನ್ನೂ ಬೇರ್ಪಡಿಸಿದರು. 1904ರಲ್ಲಿ ಅವರು ತೀರಿಕೊಂಡ ಮೇಲೆ ಮಕ್ಕಳಾದ ದೊರಾಬ್ಜಿ, ರತನ್‌ಜಿ ಕೊಟ್ಟ ಮಾತು ಉಳಿಸಿಕೊಂಡರು. ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಮಕ್ಕಳಿಲ್ಲದ ಆ ಇಬ್ಬರು ಅಣ್ಣತಮ್ಮಂದಿರ ಸಂಪತ್ತಿನ ಬಹುಪಾಲು ಮುಂದೆ ಟ್ರಸ್ಟುಗಳಾಯಿತು.

ಮಕ್ಕಳಿಲ್ಲದ ವ್ಯಾಪಾರಿಗೆ ನಮ್ಮಲ್ಲಿ ಎರಡು ದಾರಿ ಇದ್ದವು: ದತ್ತು ಅಥವಾ ದತ್ತಿ. ಗುಬ್ಬಿಯಿಂದ ಬೆಂಗಳೂರಿಗೆ ಬಂದು ವ್ಯಾಪಾರದಲ್ಲಿ ಮೇಲೆ ಬಂದ ತೋಟದಪ್ಪನವರು ಎರಡನೆಯದನ್ನು ಆರಿಸಿಕೊಂಡರು. ರೈಲು ನಿಲ್ದಾಣದ ಎದುರು 1903ರಲ್ಲಿ ತೆರೆದ ಅವರ ಛತ್ರದಲ್ಲಿ ಮಲಗೆದ್ದು, ಅವರ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರಿಗೆ ಲೆಕ್ಕವಿಲ್ಲ. ಇಲ್ಲಿ ಬಿರ್ಲಾರ ಚೌಕಟ್ಟು ನನಗೆ ಸಾಲದೆನಿಸುತ್ತದೆ. ಕಾನೂನು ದಾನದ ಆಕಾರವನ್ನು ತಿದ್ದಿರಬಹುದು. ದೂರದೂರಿಂದ ಬಂದವನಿಗೆ ಮಲಗಲು ಜಾಗ ಬೇಕು ಎಂಬ ಕರುಳಿನ ಮಾತನ್ನು ಯಾವ ಕಾಯಿದೆಯೂ ಹುಟ್ಟಿಸಲಿಲ್ಲ.

ಒಳಮನೆಯ ಕಡೆಯಿಂದ

ಹಳೆಯ ಪಾಲುಪಟ್ಟಿಗಳನ್ನು ಓದಿದವರಿಗೆ ಅವುಗಳ ಕೊನೆಯ ಸಾಲುಗಳು ಗೊತ್ತು. ಜಮೀನು, ಅಂಗಡಿ, ಬರಬೇಕಾದ ಸಾಲ, ಹಂಡೆ, ಕೊಪ್ಪರಿಗೆ ಎಲ್ಲ ಅಣ್ಣತಮ್ಮಂದಿರ ಹೆಸರಿಗೆ ಹಂಚಿಯಾದ ಮೇಲೆ, ತಾಯಿಯ ಅಥವಾ ವಿಧವೆ ಅತ್ತಿಗೆಯ ಅನ್ನವಸ್ತ್ರಕ್ಕೆ ವರ್ಷಕ್ಕಿಷ್ಟು ಅಕ್ಕಿ, ಇಷ್ಟು ಸೀರೆ, ಇರಲು ಒಂದು ಕೋಣೆ. ಪಾಲು ಕೈಯಲ್ಲಿದ್ದರೆ ಅದು ಹಕ್ಕು. ಅನ್ನವಸ್ತ್ರವನ್ನು ಪ್ರತಿ ವರ್ಷ ಕೇಳಿ ಪಡೆಯಬೇಕು. ಕೊಡದಿದ್ದರೆ ಕೋರ್ಟಿಗೆ ಹೋಗಬೇಕು. ಅಲ್ಲಿ ಆಕೆಯ ನಡತೆಯೂ ವಿಚಾರಣೆಗೆ ಬರುತ್ತಿತ್ತು, ಶೀಲಕ್ಕೆ ಕಳಂಕ ಹಚ್ಚಿದರೆ ಅನ್ನವೂ ಹೋಗಬಹುದಿತ್ತು. 1856ರ ವಿಧವಾ ಪುನರ್ವಿವಾಹ ಕಾಯಿದೆ ಮರುಮದುವೆಗೆ ಒಪ್ಪಿಗೆ ಕೊಟ್ಟಿತು, ಅದೇ ಉಸಿರಿನಲ್ಲಿ ಮೊದಲ ಗಂಡನ ಆಸ್ತಿಯ ಮೇಲಿನ ಆಕೆಯ ಹಕ್ಕನ್ನು ಕಿತ್ತುಕೊಂಡಿತು. ಮರುಮದುವೆಯಾದರೂ ಹಕ್ಕು ಉಳಿಯುವ ರೂಢಿಯಿದ್ದ ಜಾತಿಗಳ ಹೆಂಗಸರೂ ಇದರಿಂದ ಕಳೆದುಕೊಂಡದ್ದನ್ನು ಲೂಸಿ ಕ್ಯಾರೊಲ್ ಎತ್ತಿ ತೋರಿಸಿದ್ದಾರೆ.

ನಮಗೆ ವಿಶೇಷವಾಗಿ ನೋವಾಗಬೇಕಾದ ಸಂಗತಿ ಇನ್ನೊಂದಿದೆ. ವಿಜ್ಞಾನೇಶ್ವರ ಸ್ತ್ರೀಧನವನ್ನು ವಿಶಾಲವಾಗಿ ವಿವರಿಸಿದ್ದ. ಹೆಣ್ಣಿಗೆ ಉತ್ತರಾಧಿಕಾರದಿಂದ, ಕೊಳ್ಳುವುದರಿಂದ, ಪಾಲಿನಿಂದ ಬಂದದ್ದೂ ಅವಳ ಸ್ತ್ರೀಧನವೇ ಎಂದಿದ್ದ. ಪ್ರಿವಿ ಕೌನ್ಸಿಲ್ ಅವನ ಗ್ರಂಥವನ್ನು ತಲೆಯ ಮೇಲೆ ಹೊತ್ತುಕೊಂಡು, ಈ ಮಾತನ್ನು ಮಾತ್ರ ಒಪ್ಪಲಿಲ್ಲ. ವಿಧವೆಗೆ ಬಂದ ಆಸ್ತಿ ಜೀವಮಾನದ ಅನುಭೋಗಕ್ಕೆ ಮಾತ್ರ. ತಕ್ಕ ಕಾರಣವಿಲ್ಲದೆ ಆಕೆ ಮಾರುವಂತಿಲ್ಲ. ಸತ್ತ ಮೇಲೆ ಅದು ಗಂಡನ ಕಡೆಯ ವಾರಸುದಾರರಿಗೆ. ಮುಂಬಯಿ ಪ್ರಾಂತದಲ್ಲಷ್ಟೇ ಮಗಳಿಗೆ ಬಂದದ್ದು ಪೂರ್ಣ ಒಡೆತನವಾಗಿ ಉಳಿಯಿತು. ಅಂದರೆ ಗಂಡುಮಕ್ಕಳಿಲ್ಲದ ಹುಬ್ಬಳ್ಳಿಯ ಅರಳೆ ವ್ಯಾಪಾರಿಯ ಮಗಳು ತನ್ನ ಆಸ್ತಿಯನ್ನು ಮಾರಬಲ್ಲವಳಾಗಿದ್ದಳು, ಮದರಾಸು ಪ್ರಾಂತದ ಬಳ್ಳಾರಿಯಲ್ಲಿ ಹುಟ್ಟಿದವಳು ಅದನ್ನು ಕಾಯುವವಳಾಗಿದ್ದಳು. ಇಬ್ಬರೂ ಕನ್ನಡದವರೇ, ಇಬ್ಬರ ಶಾಸ್ತ್ರವೂ ಒಂದೇ. ಕರಾವಳಿಗೆ ಇಳಿದರೆ ಅಳಿಯಸಂತಾನದಲ್ಲಿ ಲೆಕ್ಕವೇ ತಿರುಗುಮುರುಗು. ಅಲ್ಲಿ ದುಡಿದವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ, ತನ್ನ ಹೆಂಡತಿ ಮಕ್ಕಳಿಗೆ ಏನಾದರೂ ಆಗಬೇಕಿದ್ದರೆ ಬದುಕಿರುವಾಗಲೇ ಅವನು ಕೊಟ್ಟಿರಬೇಕು.

ಬಿಳಿಯ ವ್ಯಾಪಾರಿಗಳ ಮನೆಗಳಲ್ಲೂ ಈ ಪ್ರಶ್ನೆ ಇತ್ತು. ಕಂಪನಿಯ ಕಾಲದ ಇಂಗ್ಲಿಷರು ತಮ್ಮೊಡನೆ ಬಾಳಿದ ಭಾರತೀಯ ಹೆಂಗಸರಿಗೆ, ಅವರಲ್ಲಿ ಹುಟ್ಟಿದ ಮಕ್ಕಳಿಗೆ ಮರಣಶಾಸನಗಳಲ್ಲಿ ಏನು ಬಿಟ್ಟರೆಂದು ದುರ್ಬಾ ಘೋಷ್ 2006ರಲ್ಲಿ ಪರಿಶೀಲಿಸಿದರು. ಎಷ್ಟೋ ಪತ್ರಗಳಲ್ಲಿ ಆ ಹೆಂಗಸರಿಗೆ ಪೂರ್ತಿ ಹೆಸರೇ ಇಲ್ಲ. ಹಣ ಇದೆ, ಪಡೆದವಳ ಗುರುತಿಲ್ಲ.

ಸಂಸ್ಥಾನಗಳಲ್ಲಿ ಮೈಸೂರು ಇಲ್ಲಿ ಮುಂದೆ ನಡೆಯಿತು. 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ, ಪಾಲಾಗುವಾಗ ವಿಧವೆಗೆ ಗಂಡನಿಗೆ ಸಿಗಬಹುದಾಗಿದ್ದ ಪಾಲಿನ ಅರ್ಧ, ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಸೋದರನ ಪಾಲಿನ ಕಾಲು ಭಾಗ ಕೊಟ್ಟಿತು. ಪಾರ್ಸಿಗಳ 1865ರ ಕಾಲು ಭಾಗವೇ ಮತ್ತೆ! ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಸೋದರಿಯರಿಗೆ ಕಾಲು ಭಾಗದ ಮಾತಿದೆ, ಮೈಸೂರಿನವರು ಹಿಂದಿರುಗಿ ನೋಡಿದ್ದು ಆ ಕಡೆಗೆ. ಬ್ರಿಟಿಷ್ ಭಾರತದಲ್ಲಿ ವಿಧವೆಗೆ ಮಗನ ಸಮಕ್ಕೆ, ಆದರೆ ಜೀವಮಾನಕ್ಕೆ ಮಾತ್ರ, ಪಾಲು ಬಂದದ್ದು 1937ರಲ್ಲಿ. ಮಗಳನ್ನು ಆ ಕಾಯಿದೆ ಮರೆತೇಬಿಟ್ಟಿತು. ಪೂರ್ಣ ಒಡೆತನಕ್ಕೆ 1956, ಮದುವೆಯಾಗದ ಮಗಳನ್ನು ಹುಟ್ಟಿನಿಂದಲೇ ಸಮಪಾಲುದಾರಳೆಂದು ಕರ್ನಾಟಕ ಒಪ್ಪಲು 1994, ದೇಶ ಎಲ್ಲ ಹೆಣ್ಣುಮಕ್ಕಳನ್ನೂ ಒಪ್ಪಲು 2005ರವರೆಗೆ ಕಾಯಬೇಕಾಯಿತು.

ಕೂಡುಬಂಡವಾಳ ವ್ಯಾಪಾರಿಯ ಬುದ್ಧಿವಂತಿಕೆ ಎಂದು ಹೊಗಳುವ ಚರಿತ್ರೆ ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಆ ಬಂಡವಾಳ ಕೂಡಿದ್ದು ಅರ್ಧ ಮನೆಯ ಪಾಲನ್ನು ಎಂದೂ ಎಣಿಸದೆ ಇದ್ದುದರಿಂದ.

ಇತ್ಯರ್ಥವಾಗದೆ ಉಳಿದವು

ಕಾರಣ ಯಾವುದು, ಗುರುತು ಯಾವುದು ಎಂಬುದು ಮೊದಲನೆಯ ತೊಡಕು. ಉತ್ತರಾಧಿಕಾರದ ನಿಯಮ ವ್ಯಾಪಾರವನ್ನು ಬೆಳೆಸಿತೋ ಕುಗ್ಗಿಸಿತೋ ಎನ್ನುವಾಗ ಬಂದರು, ರೈಲು, ಅಫೀಮು, ಅರಳೆ, ಸಾಲದ ಬಡ್ಡಿ ಎಲ್ಲವನ್ನೂ ಬದಿಗಿಟ್ಟು ಅಳೆಯುವ ವಿಧಾನ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಕಾರ್, ಟ್ಯಾಗೋರ್ ಮುಳುಗಿದ್ದು ಮನೆಯ ಪಾಲಿನಿಂದಲೋ ನೀಲಿ ಬೆಲೆ ಕುಸಿದು ಬ್ಯಾಂಕು ಬಿದ್ದದ್ದರಿಂದಲೋ ಎಂದು ಕೇಳಿದರೆ ಬಹುತೇಕರು ಎರಡನೆಯದನ್ನೇ ಹೇಳುತ್ತಾರೆ. ಆದರೆ ವ್ಯಾಪಾರ ಮುಳುಗಿದ ಮೇಲೆ ಆ ಮನೆ ಮತ್ತೆ ವ್ಯಾಪಾರಕ್ಕೆ ಕೈಹಾಕದೆ ಜಮೀನಿನ ಮೇಲೇ ಬದುಕಿದ್ದಕ್ಕೆ 1840ರ ಪತ್ರದ ಪಾಲೆಷ್ಟು? ಅನ್ನಕ್ಕೆ ಭದ್ರತೆ ಮಾಡಿದ ತಂದೆ ಮಕ್ಕಳ ವ್ಯಾಪಾರದ ಹಸಿವನ್ನೇ ತೆಗೆದರೆ? ಇದರ ಬಗ್ಗೆ ಒಮ್ಮತವಿಲ್ಲ.

ನಮ್ಮ ಆಧಾರಗಳೇ ಒಂದು ಕಡೆಗೆ ವಾಲಿವೆ. ಲಾ ರಿಪೋರ್ಟುಗಳಲ್ಲಿ ಸಿಗುವುದು ಜಗಳವಾಡಿದ ಮನೆಗಳು ಮಾತ್ರ. ಪಂಚರ ಮುಂದೆ, ಮಹಾಜನರ ಮುಂದೆ, ಮಠದ ಜಗುಲಿಯಲ್ಲಿ ತೀರಿದ ಪಾಲುಗಳು ನೂರು ಪಟ್ಟು ಹೆಚ್ಚಿರಬಹುದು, ಹೆಣ್ಣಿಗೆ ಇನ್ನೂ ಕಠಿಣವೂ ಆಗಿದ್ದಿರಬಹುದು. 1847ರ ರೂಢಿ ನಿಜಕ್ಕೂ ಎಲ್ಲ ಖೋಜಾ ಮನೆಗಳ ರೂಢಿಯೋ, ಕೋರ್ಟಿಗೆ ಬಂದು ಸಾಕ್ಷಿ ಹೇಳಿದ ಗಂಡಸರ ರೂಢಿಯೋ ಎಂಬ ಅನುಮಾನವೂ ಹಾಗೆಯೇ ಉಳಿದಿದೆ.

ಕೊನೆಯದು ಚೆಟ್ಟಿನಾಡಿನ ಆಚ್ಚಿಯರ ಹಣ. ಹೆಂಗಸರ ಹೆಸರಿನ ಇಂಥ ಠೇವಣಿಗಳು ಬೇರೆ ವ್ಯಾಪಾರಿ ಮನೆಗಳ ವಹಿಗಳಲ್ಲೂ ಸಿಗುತ್ತವೆ. ವರ್ಷ ವರ್ಷ ಬಡ್ಡಿ ಬರೆದಿರುತ್ತಾರೆ, ಮೊತ್ತ ಬೆಳೆದಿರುತ್ತದೆ. ಹಾಗಾದರೆ ಆ ಹೆಂಗಸರು ಪೇಢಿಗೆ ಸಾಲ ಕೊಟ್ಟವರು, ಅದರ ಬಂಡವಾಳದ ಒಡತಿಯರು. ಆದರೆ ಆ ಖಾತೆಗಳಿಂದ ಹಣ ಹೊರಗೆ ಹೋದಾಗ ಯಾರು ಕೇಳಿ ಹೋಯಿತು? ಹೆಂಗಸರೇ ಕೇಳಿ ತೆಗೆದುಕೊಂಡು ಮಗಳ ಮದುವೆಗೋ ತವರಿನ ತಮ್ಮನಿಗೋ ಕೊಟ್ಟರೇ? ಅಥವಾ ಹೆಸರು ಅವರದು, ಸಹಿ ಗಂಡನದೇ? ಇದಕ್ಕೆ ಉತ್ತರ ಕೋರ್ಟಿನ ಕಡತಗಳಲ್ಲಿ ಸಿಗುವುದಿಲ್ಲ. ಮನೆಗಳ ಅಟ್ಟದ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ವಹಿಗಳ ನಾಮೆ-ಜಮೆಯ ಸಾಲುಗಳಲ್ಲಿ ಸಿಗಬೇಕು. ಅವನ್ನು ಹೆಂಗಸರ ಖಾತೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದುವ ಕೆಲಸ ಇನ್ನೂ ಮೊದಲ ಹೆಜ್ಜೆಗಳಲ್ಲಿದೆ.